ಮೊದಲ ತುತ್ತು

ಪರ್ಕಳ
11 ಜನವರಿ 2025, ಶನಿವಾರ

ಪ್ರೀತಿಯ ಕ್ಲಾರಾ,

ಹೇಗಿದ್ದೀ? ನಿನ್ನ ಪತ್ರ ಬಂದು ಏಳು ವಾರವಾಯಿತು. ಫ್ರಿಜ್ಜಿನ ಮೇಲೆ, ಮಿಕ್ಸಿಯ ವಾರಂಟಿ ಕಾರ್ಡಿನ ಅಡಿಯಿಂದ ದಿನಕ್ಕೆ ಹತ್ತು ಸಲ ಇಣುಕಿ ನನ್ನನ್ನು ನೋಡುತ್ತಿತ್ತು. ಬೈಯಬೇಡ. ನಿನ್ನ ಹತ್ತಿರ ಫೋನಿದ್ದಿದ್ದರೆ ಒಂದು ನಗುವ ಮುಖ ಕಳಿಸಿ ಸುಮ್ಮನಾಗುತ್ತಿದ್ದೆ. ನೀನು ಸಿಸ್ಟರ್ ಆಗಲು ಹೊರಟು, ಒಂದು ವರ್ಷ ಫೋನ್ ಮುಟ್ಟಬಾರದ ಕಡೆ ಸೇರಿಕೊಂಡೆ. ನನಗೆ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಪೆನ್ನು ಹಿಡಿಯುವ ಶಿಕ್ಷೆ. ಪತ್ರಗಳನ್ನು ನಿನಗೆ ಕೊಡುವ ಮುಂಚೆ ಮದರ್ ಓದುತ್ತಾರೆ ಎಂದು ಬರೆದಿದ್ದೆಯಲ್ಲ, ಹಾಗಾದರೆ ಅವರಿಗೂ ನನ್ನ ನಮಸ್ಕಾರ. ಮದರ್, ಮುಂದೆ ಸ್ವಲ್ಪ ವಾಂತಿಯ ವಿಷಯ ಬರುತ್ತದೆ, ಊಟಕ್ಕೆ ಮುಂಚೆ ಓದಬೇಡಿ.

ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ಗಂಡ ಸಂಗಮೇಶನಿಗೆ ಮಣಿಪಾಲದ ಲಿಫ್ಟು ರಿಪೇರಿಯೇ ಸಂಸಾರ; ಯಾವುದಾದರೊಂದು ಲಿಫ್ಟು ಮಹಡಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ. ಅಪ್ಪ ಕಾರ್ಕಳದಲ್ಲಿ ಒಂದು ಕಲ್ಯಾಣ ಮಂಟಪದ ಗಾರೆ ಕೆಲಸ ಹಿಡಿದು ಅಲ್ಲಿಯೇ ಶೆಡ್ಡಿನಲ್ಲಿದ್ದಾನೆ. ಅವ್ವ ಡಿಸೆಂಬರಿನಿಂದ ನಮ್ಮಲ್ಲಿದ್ದಾಳೆ. ನನ್ನ ನಿದ್ದೆಗೇಡಿತನ ನೋಡಲಾರದೆ ಸಂಗಮೇಶನೇ ಕರೆಸಿದ್ದು.

ಮಗಳು ನೀಲಾಳಿಗೆ ಈಗ ಮೂರೂಮುಕ್ಕಾಲು ವರ್ಷ. ಅವಳು ತಿನ್ನುವುದು ಬಿಳಿಯದ್ದನ್ನು ಮಾತ್ರ: ಅನ್ನ, ಇಡ್ಲಿ, ಹಾಲು, ತೆಂಗಿನಕಾಯಿ ಚೂರು. ಬೇರೆ ಬಣ್ಣ ತಟ್ಟೆಯಲ್ಲಿ ಕಂಡರೆ ತುಟಿ ಹೊಲಿದಂತೆ ಮುಚ್ಚಿಬಿಡುತ್ತಾಳೆ. ಬಾಲವಾಡಿಯ ತೂಕದ ಪಟ್ಟಿಯಲ್ಲಿ ನಾಲ್ಕು ತಿಂಗಳಿಂದ ಅವಳ ಹೆಸರಿನ ಎದುರು ಒಂದೇ ಅಂಕಿ. ಆ ಅಂಕಿಯನ್ನು ನೋಡಿದ ದಿನದಿಂದ ನಾನು ಕಳ್ಳತನಕ್ಕೆ ಇಳಿದಿದ್ದೇನೆ.

ಫೋನಿನಲ್ಲಿ ತಾಯಂದಿರ ಒಂದು ಗುಂಪು ಉಂಟು. ದಿನಾ ಯಾರೋ ಒಬ್ಬಳು ವಿಡಿಯೋದಲ್ಲಿ ಬಣ್ಣ ಹಚ್ಚಿದ ಉಗುರಿನ ಕೈಯಿಂದ ಪಾಲಕ್ ಅರೆದು ಕೇಕಿನೊಳಗೆ ಹೂಳುತ್ತಾಳೆ. ‘ಮಗುವಿಗೆ ಗೊತ್ತೇ ಆಗಲಿಲ್ಲ!’ ಎಂದು ಕೊನೆಗೆ ಹಲ್ಲು ಬಿಡುತ್ತಾಳೆ. ಅವಳ ಅಡುಗೆಮನೆಯಲ್ಲಿ ಲೋಳೆ ಎಂಬುದೇ ಇಲ್ಲ. ನನ್ನಲ್ಲಿ ಇರುವುದೆಲ್ಲ ಲೋಳೆಯೇ. ಬೇಯಿಸಿ ಅರೆದ ಸೋರೆಕಾಯಿ ಹೇಗಿರುತ್ತದೆ ಗೊತ್ತಾ? ಶೀತವಾದ ಮಗುವಿನ ಮೂಗಿನ ಕೆಳಗೆ ಇರುತ್ತದಲ್ಲ, ಹಾಗೆ. ಅದನ್ನು ಮುಖ ಅತ್ತ ತಿರುಗಿಸಿಕೊಂಡು ಇಡ್ಲಿ ಹಿಟ್ಟಿಗೆ ಕಲಸುತ್ತೇನೆ. ಹೂಕೋಸನ್ನು ಅರೆದು ಹಾಲಿಗೆ ಹಾಕಿದರೆ ಇಡೀ ಮನೆ ಒದ್ದೆ ಸಾಕ್ಸಿನ ವಾಸನೆ. ಬೀಟ್‌ರೂಟ್ ದೋಸೆ ಗಾಯದ ಬಟ್ಟೆಯಂತೆ ಕಾವಲಿಗೆ ಅಂಟಿಕೊಂಡಿತು. ಲ್ಯಾಬಿನಲ್ಲಿ ನಾವಿಬ್ಬರೂ ಬೀಟ್‌ರೂಟ್ ರಸದಿಂದ ಕ್ಷಾರ ಪತ್ತೆ ಮಾಡಿದ್ದು ನೆನಪುಂಟಾ? ಆಗ ಎಷ್ಟು ಚಂದ ಕಂಡಿತ್ತು! ಅವಳು ಉಗುಳಿದ್ದು, ಅರ್ಧ ಜಗಿದಿದ್ದು, ತಟ್ಟೆಯಂಚಿಗೆ ಮೆತ್ತಿದ್ದು ಎಲ್ಲ ಕೊನೆಗೆ ನನ್ನ ಬಾಯಿಗೆ. ಬಿಸಾಡಲು ಮನಸ್ಸಿಲ್ಲ, ನುಂಗಲು ಅಸಹ್ಯ. ನನ್ನ ಮೈಯೇ ಒಂದು ಹಳಸಿದ ಪಾತ್ರೆಯ ಹಾಗೆ ವಾಸನೆ ಬರುತ್ತದೆ ಅನಿಸುತ್ತದೆ.

ಬಾಲವಾಡಿಯ ಸುಗಂಧಿ ಟೀಚರ್ ಮಟ್ಟುವಿನವರು. ಅವರ ಮನೆಯ ಗದ್ದೆಯದ್ದೇ ಎಂದು ಎರಡು ಗುಳ್ಳ ಬದನೆ ತಂದುಕೊಟ್ಟರು. ‘ಬೆಂದರೆ ಬೆಣ್ಣೆಯ ಹಾಗೆ ಕರಗಿ ಹೋಗುತ್ತದೆ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ ಮಾರಾಯ್ರೆ’ ಎಂದರು. ಸುಟ್ಟು, ಸಿಪ್ಪೆ ತೆಗೆದು, ಜರಡಿಯಲ್ಲಿ ಸೋಸಿ ಅನ್ನಕ್ಕೆ ಕಲಸಿದೆ. ನೀಲಾ ಒಂದು ತುತ್ತು ಬಾಯಿಗೆ ಇಟ್ಟಳು. ನಾಲಿಗೆಯ ತುದಿಗೆ ಒಂದು ಬೀಜ ಸಿಕ್ಕಿತು, ನೋಡು, ಸಾಸಿವೆಗಿಂತ ಸಣ್ಣದು. ಅದನ್ನು ಬೆರಳಿಗೆ ಅಂಟಿಸಿ ನನ್ನ ಮುಖದ ಹತ್ತಿರ ತಂದು, ‘ಅಮ್ಮಾ, ಇದು ಎಂತ?’ ಎಂದಳು. ‘ನಿನ್ನ ಒಳ್ಳೆಯದಕ್ಕೇ ಮಗಾ’ ಎಂದೆ. ಅವಳು ನನ್ನ ಮಡಿಲಿಗೇ ವಾಂತಿ ಮಾಡಿದಳು.

ಈಗ ಅವಳು ಯಾವುದನ್ನೂ ಸುಮ್ಮನೆ ತಿನ್ನುವುದಿಲ್ಲ. ಇಡ್ಲಿಯನ್ನು ಮುರಿದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಮೊನ್ನೆ ಸುಗಂಧಿ ಟೀಚರ್ ಗೇಟಿನಲ್ಲೇ ನಿಲ್ಲಿಸಿ ದೂರು ಹೇಳಿದರು: ‘ನಿಮ್ಮ ಮಗಳು ಎಲ್ಲರ ಡಬ್ಬಿ ತೆರೆದು ಇದರೊಳಗೆ ಎಂತ ಉಂಟು, ಎಂತ ಉಂಟು ಅಂತ ಕೇಳುವುದು. ಅವಳಿಂದಾಗಿ ಶೆಲ್ಡನ್ ಕೇಕನ್ನು ಸಹ ಮುಟ್ಟುವುದಿಲ್ಲ. ಅವನ ಅಮ್ಮ ನನ್ನ ಹತ್ತಿರ ಜಗಳ!’ ನಗು ಬಂತು, ಆಮೇಲೆ ದಾರಿಯಲ್ಲಿ ಅಳು ಬಂತು.

ಅವ್ವನಿಗೆ ಇದೆಲ್ಲ ಮೊದಲಿನಿಂದಲೂ ಹಿಡಿಸಿಲ್ಲ. ಬಂದ ದಿನವೇ ಮಿಕ್ಸಿ ಜಾರನ್ನು ಮೂಸಿ, ‘ಕೂಸಿಗೆ ಕದ್ದು ಯಾಕ ಉಣಸ್ತಿ ಯವ್ವಾ? ಕಾಯಿಪಲ್ಲೆ ಏನ್ ಕಳವಿನ ಮಾಲೇನು?’ ಎಂದಿದ್ದಳು. ಬಾದಾಮಿ ಕಡೆಯ ಮಂದಿ ನಾವು, ರೊಟ್ಟಿಯ ಜೊತೆ ಮೂಲಂಗಿಯನ್ನು ಎಲೆಸಮೇತ ಹಸಿಯಾಗಿ ಕಡಿಯುವವರು. ಅವಳಿಗೆ ಹೀಗೆ ಅನಿಸುವುದು ಸಹಜವೇ. ಆದರೆ ಈಗೀಗ ಅವಳು ಆ ಮಾತೇ ಎತ್ತುವುದಿಲ್ಲ. ನನ್ನ ಅವಸ್ಥೆ ಅರ್ಥವಾಗಿರಬೇಕು.

ಕಳೆದ ಭಾನುವಾರ ಕಾಪು ಬೀಚಿಗೆ ಹೋಗಿದ್ದೆವು. ದೀಪಸ್ತಂಭದ ಕೆಳಗೆ ಒಬ್ಬ ಮುದುಕಿ ಸೌತೆಕಾಯಿ ಸೀಳಿ ಉಪ್ಪು ಹಚ್ಚಿ ಕೊಡುತ್ತಿದ್ದಳು. ಬುಟ್ಟಿಯ ಮೇಲೆ ನೊಣ, ಕೈಯಲ್ಲಿ ಮರಳು. ನೀಲಾ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಸೀಳುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಒಂದು ಹೋಳು ಈಸಿಕೊಂಡು ಕರಕರನೆ ತಿಂದುಬಿಟ್ಟಳು! ನಾನು ಸಂತೋಷಪಡಬೇಕಿತ್ತು. ಆ ನೊಣದ ಸೌತೆಕಾಯಿ ಆಗುತ್ತದೆ, ನನ್ನ ಕೈಯದ್ದು ಆಗುವುದಿಲ್ಲ ಎಂದು ಹೊಟ್ಟೆ ಉರಿಯಿತು.

ಒಂದು ಒಳ್ಳೆಯ ಸುದ್ದಿಯೂ ಉಂಟು. ನಾನು ನಿದ್ದೆ ಮಾಡುತ್ತಿದ್ದೇನೆ! ದೀಪಾವಳಿಯ ಮುಂಚೆ ಸಂಗಮೇಶ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ, ಅವರು ನಿದ್ದೆಗೆ ಅರ್ಧ ಮಾತ್ರೆ ಬರೆದುಕೊಟ್ಟಿದ್ದರು, ನಾನು ಒಲ್ಲೆ ಎಂದಿದ್ದೆ, ಇದೆಲ್ಲ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಮಾತ್ರೆ ನುಂಗಿ ಹೆಣದಂತೆ ಬಿದ್ದುಕೊಂಡವಳಿಗೆ ಮಗು ಅತ್ತದ್ದು ಕೇಳಿಸದಿದ್ದರೆ? ಈಗ ಯಾವ ಮಾತ್ರೆಯೂ ಇಲ್ಲದೆ, ಹದಿನೈದು ದಿನಗಳಿಂದ ನಾಲ್ಕು ತಾಸು, ಐದು ತಾಸು. ಇದು ಅವ್ವನ ಕೈತುತ್ತಿನ ಗುಣ ಎಂದೇ ನನ್ನ ನಂಬಿಕೆ. ರಾತ್ರಿಯೂಟಕ್ಕೆ ಕೂತಾಗ ಮೊದಲ ತುತ್ತು ಅವಳೇ ಕೊಡಬೇಕು. ರೊಟ್ಟಿ ಮುರಿದು, ನಮ್ಮ ಕಡೆಯ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಮೊಸರು ಹಾಕಿ ಅಂಗೈಯಲ್ಲೇ ನಾದಿ, ‘ಆ ಅನ್ನು ಯವ್ವಾ’ ಎನ್ನುತ್ತಾಳೆ. ಇಪ್ಪತ್ತೊಂಬತ್ತು ವರ್ಷದ ಕತ್ತೆ ನಾನು ಬಾಯಿ ತೆರೆಯುತ್ತೇನೆ. ನೀಲಾ ನೋಡಿ ನಗುತ್ತಾಳೆ.

ನಿನ್ನ ಮಂಡಿ ನೋವು ಹೇಗುಂಟು? ಪ್ರಾರ್ಥನೆಯಲ್ಲಿ ನನ್ನ ಮಗಳ ತೂಕದ ಪಟ್ಟಿಯನ್ನೂ ಸೇರಿಸು.

ನಿನ್ನ
ದಾಕ್ಷು


ಪರ್ಕಳ
9 ಫೆಬ್ರವರಿ 2025, ಭಾನುವಾರ

ಕ್ಲಾರಾ,

ನಿನ್ನ ಉತ್ತರ ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. ಬಂದ ದಿನ ಒಡೆಯಲಾಗಲಿಲ್ಲ, ಕ್ಷಮಿಸು. ‘ಅವ್ವನ ಕೈತುತ್ತಿಗೆ ನನ್ನದೂ ಒಂದು ಮುತ್ತು’ ಎಂದು ಬರೆದಿದ್ದೀ. ಅದನ್ನು ಓದಿ ಪತ್ರ ಮಡಚಿಟ್ಟೆ. ಈಗ ಮದರ್ ಓದಿದರೂ ಓದಲಿ, ಎಲ್ಲವನ್ನೂ ಬರೆಯುತ್ತೇನೆ.

ಹಿಂದಿನ ಭಾನುವಾರ ಸಂಜೆ ಏಳೂವರೆಗೆ ಊಟಕ್ಕೆ ಕೂತಿದ್ದೆವು. ಅವ್ವ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ತುತ್ತು ನಾದಿದಳು. ಹಿಂಡಿಗೆ ಮೆಂತ್ಯೆ ಸೊಪ್ಪನ್ನು ಹಸಿಯಾಗಿ ಕೊಚ್ಚಿ ಹಾಕಿದ್ದಳು. ತುತ್ತು ಕಂದು ಬಣ್ಣ, ನಡುನಡುವೆ ಹಸಿರು. ಅದನ್ನು ಎತ್ತಿ ನನ್ನ ಕಡೆ ತಿರುಗಿದಾಗ, ನನಗಿಂತ ಮುಂಚೆ ನೀಲಾ ಮೊಣಕಾಲ ಮೇಲೆ ತೆವಳಿ ಬಂದು ಬಾಯಿ ತೆರೆದಳು. ‘ಅಜ್ಜೀ, ನನಗೆ. ಆ!’

ನೀನು ಇದ್ದಿದ್ದರೆ ನನ್ನ ಮುಖ ನೋಡಬೇಕಿತ್ತು. ಬಿಳಿಯದಲ್ಲದ್ದು! ಹಸಿರು ಕಾಣುವಂಥದ್ದು! ತಾನಾಗಿ ಕೇಳುತ್ತಿದ್ದಾಳೆ! ‘ಕೊಡವ್ವಾ, ಕೊಡು ಕೊಡು’ ಎಂದು ಪಿಸುಗುಟ್ಟಿದೆ. ಅವ್ವ ಕೊಡಲಿಲ್ಲ. ಎತ್ತಿದ ತುತ್ತನ್ನು ಕೂಸಿನ ಬಾಯಿಂದ ಹಿಂದಕ್ಕೆ ತೆಗೆಯುವುದು ನಮ್ಮಲ್ಲಿ ಶತ್ರುವಿನ ಕೂಸಿಗೂ ಮಾಡುವ ಕೆಲಸವಲ್ಲ. ಕಲ್ಲು ಹೊರುವ ದಿನಗಳಲ್ಲಿ, ಒಂದೇ ರೊಟ್ಟಿ ಇದ್ದಾಗಲೂ, ಪಕ್ಕದ ಶೆಡ್ಡಿನ ಮಗು ಬಂದು ಬಾಯಿ ತೆರೆದರೆ ನನಗೆಂದು ಎತ್ತಿದ್ದನ್ನು ಅದಕ್ಕೆ ಕೊಡುತ್ತಿದ್ದವಳು ಅವ್ವ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ನೀಲಾ ಅವಳ ಮಣಿಕಟ್ಟು ಹಿಡಿದು ಎಳೆದಳು. ಅವ್ವ ಸುತ್ತ ಒಮ್ಮೆ ನೋಡಿ, ಆ ತುತ್ತನ್ನು ತನ್ನ ಬಾಯಿಗೇ ತುರುಕಿಕೊಂಡಳು.

ಸಂಗಮೇಶ ಎದ್ದು ನಿಂತು ಕೂಗಿದ: ‘ಅತ್ತೀ, ಉಗುಳ್ರೀ!’

ಅವ್ವ ನುಂಗಿಬಿಟ್ಟಿದ್ದಳು.

ಎಲ್ಲ ಅಷ್ಟರಲ್ಲೇ ಗೊತ್ತಾಯಿತು. ನಾನು ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿದೆ. ಇತ್ತು. ಬೆಳ್ಳಿ ಬಣ್ಣದ ಹಾಳೆ, ಬ್ಲೇಡಿನಲ್ಲಿ ಸೀಳಿದ ಅರ್ಧರ್ಧ ಮಾತ್ರೆಗಳು ಕಾಗದದ ಚೂರಿನಲ್ಲಿ. ಡಾಕ್ಟರ ಚೀಟಿ ತೋರಿಸಿ ತಂದವನು ಸಂಗಮೇಶ, ಪುಡಿ ಮಾಡಿ ಹಿಂಡಿಯಲ್ಲಿ ಕಲಸಿದವಳು ಅವ್ವ. ಕ್ರಿಸ್‌ಮಸ್ಸಿನ ಹೊತ್ತಿನಿಂದ.

ಸಂಗಮೇಶ, ‘ನಿನ್ನ ಒಳ್ಳೇದಕ್ಕ ಮಾಡೀವಿ’ ಎಂದ. ಆ ಮಾತು ಕೇಳಿದ್ದೇ ನನ್ನ ಬಾಯಲ್ಲಿ ನೀರು ತುಂಬಿತು, ವಾಂತಿಗೆ ಮುಂಚೆ ತುಂಬುತ್ತದಲ್ಲ, ಹಾಗೆ. ‘ನಾನೇನು ನಾಯಿಯಾ? ಬ್ರೆಡ್ಡಿನೊಳಗೆ ಗುಳಿಗೆ ಇಟ್ಟು ನುಂಗಿಸಲಿಕ್ಕೆ?’ ಎಂದು ಕಿರುಚಿದೆ. ಅವನೂ ಸುಮ್ಮನಿರಲಿಲ್ಲ. ‘ಹಂಗಾರ ಕೂಸು ನಾಯೇನು? ದಿನಾ ಮೂರು ಹೊತ್ತು ಅದಕ್ಕ ನೀ ಮಾಡೂದೇನು?’ ಎಂದ. ನಾನು ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿದೆ. ಆ ದಿನದ ತುತ್ತು ನನ್ನ ಹೊಟ್ಟೆಗೆ ಹೋಗಿಯೇ ಇರಲಿಲ್ಲ, ಆದರೂ ಕಕ್ಕಿದೆ. ನೀಲಾ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ‘ಅಮ್ಮಾ, ಅಜ್ಜಿ ನಿನಗೂ ತರಕಾರಿ ಹಾಕಿದ್ರಾ?’ ಎಂದು ಕೇಳಿದಳು.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಬಲಗೈಯನ್ನು ತೊಳೆದಿರಲಿಲ್ಲ, ಬೆರಳ ಸಂದಿಯಲ್ಲಿ ಹಿಂಡಿ ಒಣಗಿತ್ತು. ನಾನು ಅವಳ ಎದುರು ನಿಂತು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಥೂ, ನಿನ್ನ ಕೈ ಹೊಲಸು ಅವ್ವಾ. ಆ ಕೈಯಿಂದ ನನ್ನ ಮಗಳಿಗೆ ಏನೂ ಕೊಡಬೇಡ.’

ಅವಳು ಕೈಯನ್ನು ತಿರುವಿ ನೋಡಿಕೊಂಡಳು. ಏನೋ ಹೇಳಬೇಕೆಂದು ಬಾಯಿ ತೆರೆದಳು, ಅಷ್ಟರಲ್ಲಿ ಕಣ್ಣು ಜಗ್ಗಿತು. ಜೀವಮಾನದಲ್ಲಿ ತಲೆನೋವಿನ ಮಾತ್ರೆಯನ್ನೂ ನುಂಗದವಳು. ಕೂತಲ್ಲೇ ವಾಲಿದವಳು ಮರುದಿನ ಹತ್ತು ಗಂಟೆಗೆ ಎದ್ದಳು. ಎದ್ದು, ಕೈಕಾಲು ತೊಳೆದು, ಚೀಲ ಹಿಡಿದು ಕಾರ್ಕಳದ ಬಸ್ಸು ಹತ್ತಿದಳು. ಸಂಗಮೇಶ ಸ್ಟಾಪಿನವರೆಗೆ ಹೋದ. ನಾನು ಒಳಗೆ ಮಿಕ್ಸಿ ಜಾರು ತಿಕ್ಕುತ್ತಿದ್ದೆ.

ಆಮೇಲಿನ ಮೂರು ದಿನ ಕೇಳಬೇಡ. ನಿದ್ದೆ ಹೋಯಿತು, ಅದು ಇರಲಿ. ನೀಲಾ ನಮ್ಮಿಬ್ಬರ ಕೈಯಿಂದಲೂ ಏನನ್ನೂ ತಿನ್ನುವುದನ್ನು ಬಿಟ್ಟಳು. ಬಿಳಿ ಅನ್ನವೂ ಬೇಡ, ಹಾಲೂ ಬೇಡ. ತಾನೇ ಸುಲಿಯಬಹುದಾದ ಬಾಳೆಹಣ್ಣು, ತಾನೇ ಒಡೆಯಬಹುದಾದ ಶೇಂಗಾ, ಕಣ್ಣ ಮುಂದೆ ಕೆತ್ತಿದ ಎಳನೀರು, ಇಷ್ಟೇ. ನೀರು ಕೊಟ್ಟರೆ ಲೋಟ ಮೂಸುತ್ತಿದ್ದಳು. ನನ್ನ ಕೈಯಿಂದ ನೀರು, ಕ್ಲಾರಾ! ಆ ಗುಂಪಿನಲ್ಲಿ ಯಾರೋ ಅಂದು ಕುಂಬಳಕಾಯಿ ಬಚ್ಚಿಟ್ಟ ಪೂರಿಯ ವಿಡಿಯೋ ಹಾಕಿದ್ದರು. ಅಸಹ್ಯ ಹುಟ್ಟಿ ಗುಂಪಿನಿಂದ ಹೊರಬಂದೆ.

ಬುಧವಾರ ನೀಲಾಳನ್ನು ಎತ್ತಿಕೊಂಡು ಕಾರ್ಕಳಕ್ಕೆ ಹೋದೆ. ಕೆಲಸದವರ ಊಟದ ಹೊತ್ತು. ಅಪ್ಪ, ಅವ್ವ ಸಿಮೆಂಟು ಚೀಲಗಳ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಅವ್ವ ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದಳು, ಅಷ್ಟೇ. ಅಪ್ಪ ಒಂದು ಈರುಳ್ಳಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿದ. ನೀಲಾ ಬೆಚ್ಚಿಬಿದ್ದು, ಆಮೇಲೆ ಹತ್ತಿರ ಹೋಗಿ ಬಗ್ಗಿದಳು.

‘ಇದರೊಳಗೆ ಎಂತ ಉಂಟು?’

‘ಉಳ್ಳಾಗಡ್ಡಿ ಒಳಗ ಉಳ್ಳಾಗಡ್ಡೀನ ಇರ್ತದ ನನ್ನವ್ವಾ’ ಎಂದ ಅಪ್ಪ. ‘ನೀನ ಬಿಚ್ಚಿ ನೋಡು.’

ಅವಳು ಪದರ ಪದರ ಬಿಚ್ಚಿದಳು, ಕೊನೆಯವರೆಗೂ. ಬೇರೆ ಏನೂ ಇರಲಿಲ್ಲ. ಒಂದು ಚೂರು ಬಾಯಿಗಿಟ್ಟು ‘ಥೂ, ಖಾರ!’ ಎಂದು ಉಗುಳಿದಳು. ಮೂಲಂಗಿ ಕಡಿದು ಉಗುಳಿದಳು. ಎಲೆ ಜಗಿದು ಉಗುಳಿದಳು. ಅಪ್ಪ, ‘ಉಗುಳು, ಉಗುಳು, ನಿಮ್ಮಪ್ಪನ ಮನೀದೇನ್ ಹೋಗ್ತದ’ ಎಂದು ನಗುತ್ತಿದ್ದ. ಕೊನೆಗೆ ಸೌತೆಕಾಯಿಯ ಒಂದು ಹೋಳು, ರೊಟ್ಟಿಯ ಒಂದು ಚೂರು ಒಳಗೆ ಹೋದವು. ಬದಲಾಗಿಬಿಟ್ಟಳು ಎಂದು ನಾನು ಬರೆಯುವುದಿಲ್ಲ. ಆದರೆ ಉಗುಳುವಾಗ ಅವಳ ಮುಖದಲ್ಲಿ ಭಯವಿರಲಿಲ್ಲ.

ಅವ್ವನನ್ನು ಕರೆದೆ. ಏನೂ ಜಗ್ಗಾಡದೆ ಬಂದಳು. ಬಸ್‌ಸ್ಟ್ಯಾಂಡಿನ ಹತ್ತಿರ ಪಾತ್ರೆಯಂಗಡಿಯಲ್ಲಿ ‘ತಡಿ’ ಎಂದು ನಿಂತು ಒಂದು ಉದ್ದ ಹಿಡಿಯ ಸ್ಟೀಲಿನ ಚಮಚ ತೆಗೆದುಕೊಂಡಳು. ಯಾಕೆಂದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು. ಈಗ ಅವಳು ಎಲ್ಲವನ್ನೂ ಚಮಚದಲ್ಲೇ ಬಡಿಸುತ್ತಾಳೆ. ಹಿಂಡಿ ಚಮಚದಲ್ಲಿ, ಪಲ್ಯ ಚಮಚದಲ್ಲಿ, ಉಪ್ಪೂ ಚಮಚದಲ್ಲಿ. ರೊಟ್ಟಿಯನ್ನು ನನ್ನ ತಟ್ಟೆಗೆ ಚಮಚದ ಹಿಂಬದಿಯಿಂದ ಜಾರಿಸುತ್ತಾಳೆ. ನೀಲಾ ಮೊನ್ನೆ ‘ಅಜ್ಜೀ, ಕೈಯಲ್ಲಿ ಕೊಡಿ’ ಎಂದು ಹಟ ಹಿಡಿದಳು. ಅವ್ವ, ‘ಬ್ಯಾಡವ್ವಾ, ನನ್ನ ಕೈ ಹೊಲಸೈತಿ’ ಎಂದಳು. ಸಿಟ್ಟಿನಿಂದಲ್ಲ. ಹೊರಗೆ ಬಿಸಿಲು ಐತಿ ಅನ್ನುತ್ತಾರಲ್ಲ, ಹಾಗೆ.

ಶುಕ್ರವಾರ ನಾನೇ ಮಣಿಪಾಲಕ್ಕೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಕದ್ದು ಕೊಟ್ಟದ್ದು ತಪ್ಪು ಎಂದರು. ಅಷ್ಟು ದಿನ ಬೇಡ ಎಂದು ಕೂತ ನನಗೂ ಎರಡು ಮಾತು ಹೇಳಿದರು. ಮಗು ಅತ್ತರೆ ಕೇಳಿಸುತ್ತದಾ ಎಂದು ನಾನು ಕೇಳಿದೆ. ರಾತ್ರಿ ಸಂಗಮೇಶ ಮಗುವಿನ ಪಕ್ಕ ಮಲಗಲಿ, ನಿಮಗೊಬ್ಬರಿಗೇ ಕಿವಿ ಇರುವುದಾ ಎಂದರು. ಈಗ ನಾನು ಮಲಗುವ ತನಕ ಮಾತ್ರೆ ಎಲ್ಲರಿಗೂ ಕಾಣುವಂತೆ ನೀರಿನ ಲೋಟದ ಪಕ್ಕ ಇರುತ್ತದೆ. ನೀಲಾ, ‘ಅದು ಎಂತ?’ ಎಂದಳು. ‘ಅಮ್ಮನ ನಿದ್ದೆಯ ಮದ್ದು’ ಎಂದೆ. ‘ಕಹಿಯಾ?’ ‘ಹೌದು, ಕಹಿ.’ ನಾನು ನುಂಗುವಾಗ ನನ್ನ ಗಂಟಲನ್ನೇ ನೋಡುತ್ತಿದ್ದಳು. ಇಂದು ಮಧ್ಯಾಹ್ನ ಅವಳ ತಟ್ಟೆಯಲ್ಲಿ ಅನ್ನದ ಪಕ್ಕ ಎರಡು ತುಂಡು ಬೇಯಿಸಿದ ಗುಳ್ಳ ಇಟ್ಟು, ‘ಇದು ಬದನೆಕಾಯಿ, ಬೇಕಾದರೆ ತಿನ್ನು’ ಎಂದೆ. ತಿನ್ನಲಿಲ್ಲ. ಅನ್ನ ತಿಂದಳು. ಅದು ನನ್ನ ಕೈಯಿಂದ ಎಂಬುದಷ್ಟೇ ಈ ವಾರದ ಸುದ್ದಿ.

ನಿನ್ನ ಮಂಡಿಗೆ ಅವ್ವ ಬೇವಿನೆಣ್ಣೆ ತಿಕ್ಕಿಕೋ ಎಂದಿದ್ದಾಳೆ. ಶಿರ್ವದಲ್ಲಿ ನಿನ್ನಮ್ಮನನ್ನು ನೋಡಿ ಬರುತ್ತೇನೆ, ಅವರಿಗೆ ಚಿಂತೆ ಬೇಡ. ನೀನು ಹಿಡಿದ ದಾರಿ ನಿನಗೆ ಹಗುರವಾಗಲಿ. ಚೆನ್ನಾಗಿರು, ಹೊಟ್ಟೆ ತುಂಬ ಉಣ್ಣು.

ನಿನ್ನ
ದಾಕ್ಷಾಯಿಣಿ

ಮರೆತ ವಿಷಯ: ಬರೆಯಲು ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಮೇಲೆ ಎಲ್ಲಿಯೂ ಬರೆಯಲು ಆಗಲಿಲ್ಲ, ಅಷ್ಟೇ. ನನಗೆ ಗೊತ್ತಿತ್ತು ಕ್ಲಾರಾ. ಮೂರನೆಯ ದಿನವೇ ಗೊತ್ತಾಗಿತ್ತು; ಆ ಸಂಜೆ ಹುಡುಕದೆ ಹಿಟ್ಟಿನ ಡಬ್ಬಿಗೇ ಕೈ ಹಾಕಿದ್ದೂ ಅದಕ್ಕೇ. ಶೇಂಗಾ ಹಿಂಡಿಯಲ್ಲಿ ಕಹಿ ಇರುವುದಿಲ್ಲ. ಕೆಮಿಸ್ಟ್ರಿ ಓದಿದವಳ ನಾಲಿಗೆಗೆ, ಮೊಸರಿನಲ್ಲಿ ಕಲಸಿದ ಮಾತ್ರಕ್ಕೆ, ಆ ಪುಡಿ ಏನೆಂದು ತಿಳಿಯದೆ ಹೋಗುತ್ತದಾ? ಹಲ್ಲಿನ ನಡುವೆ ಅದು ಮರಳಿನ ಹಾಗೆ ಕರಕರ ಅಂದಿತ್ತು. ನಾನು ನುಂಗಿದೆ. ಮರುದಿನ ನಾನೇ ಬಾಯಿ ದೊಡ್ಡದು ತೆರೆದೆ. ನನಗೆ ನಿದ್ದೆ ಬೇಕಿತ್ತು; ಮಾತ್ರೆ ನುಂಗುವ ತಾಯಿ ಎನ್ನಿಸಿಕೊಳ್ಳುವುದು ಬೇಡವಾಗಿತ್ತು. ಆ ಕಳ್ಳತನವನ್ನು ಅವ್ವನ ಕೈಗೆ ಬಿಟ್ಟು ನಾನು ಹಾಯಾಗಿ ಮಲಗುತ್ತಿದ್ದೆ. ಮೊದಲ ಪತ್ರ ಬರೆಯುವಾಗಲೂ ಗೊತ್ತಿತ್ತು. ನಿನಗೂ ಸುಳ್ಳು ಉಣಿಸಿದೆ. ಅಷ್ಟಾಗಿಯೂ, ಆ ಸಂಜೆ ನೀಲಾಳಿಗೆ ಕೊಡು ಕೊಡು ಎಂದೆ, ಅದರಲ್ಲಿ ಏನಿದೆ ಎಂದು ಒಂದು ಗಳಿಗೆ ಮರೆತು, ಹಸಿರು ಕಂಡ ಸಂತೋಷದಲ್ಲಿ. ಅವ್ವ ಮರೆಯಲಿಲ್ಲ.

ಯಾರ ಕೈ ಹೊಲಸು ಎಂದು ಅವಳಿಗೆ ಇನ್ನೂ ಹೇಳಿಲ್ಲ. ಈ ಪತ್ರ ಅಂಟಿಸಿದ ಕೂಡಲೇ ಹೋಗಿ ಹೇಳುತ್ತೇನೆ ಎಂದು ನಿರ್ಧಾರ ಮಾಡಿದ್ದೇನೆ. ಅದಕ್ಕೇ ಇನ್ನೂ ಬರೆಯುತ್ತಲೇ ಕೂತಿದ್ದೇನೆ. ಅಡುಗೆಮನೆಯಲ್ಲಿ ಅವಳು ಚಮಚ ತೊಳೆಯುವ ಸದ್ದು ಕೇಳುತ್ತಿದೆ.